ಯಂತ್ರ ಎಲ್ಲಿ ನಿಲ್ಲಬೇಕು?

ಹೋದ ವರ್ಷ ದೀಪಾವಳಿಗೆ ಹದಿನೈದು ದಿನ ಮುಂಚೆ ಪುಣೆಯ ನಮ್ಮ ಫ್ಲ್ಯಾಟಿಗೆ ಸೋಫಾ ಮತ್ತು ಕಾರ್ಪೆಟ್ ತೊಳೆಯಲು ಇಬ್ಬರು ಹುಡುಗರು ಬಂದಿದ್ದರು. ನಾನು ಫೋನಿನಲ್ಲಿ ಅವ್ವನ ಜೊತೆ ಮಾತಾಡುವುದು ಕಿವಿಗೆ ಬಿದ್ದು, ಅವರಲ್ಲಿ ದೊಡ್ಡವನು ಕೆಲಸ ನಿಲ್ಲಿಸಿ, "ಸರ, ನೀವು ನಮ್ಮ ಕಡೆಯವರೇನ್ರಿ?" ಅಂದ. ಇಂಡಿ ತಾಲ್ಲೂಕಿನವನಂತೆ. ಪುಣೆಗೆ ಬಂದು ಏಳು ವರ್ಷವಾಗಿದೆ. ಅಷ್ಟೂ ವರ್ಷ ಒಬ್ಬ ಕಾಂಟ್ರ್ಯಾಕ್ಟರನ ಕೈಕೆಳಗೆ ದುಡಿದಿದ್ದಾನೆ. ಚಹಾ ಕುಡಿಯುವಾಗ ವಿಷಯ ಬಿಚ್ಚಿದ. ಇನ್ನು ಸ್ವಂತ ಕೆಲಸ ಶುರು ಮಾಡಬೇಕು, ಒಂದಿಷ್ಟು ಕೂಡಿಟ್ಟಿದ್ದಾನೆ, ಸಾಲದೇ ಹೋದರೆ ಒತ್ತೆ ಇಡಲು ಅವ್ವನ ಪಾಟ್ಲಿ ಇವೆ. ಆಮೇಲೆ ಮೊಬೈಲು ತೆಗೆದು ಅಮೆರಿಕದ ಒಂದು ವಿಡಿಯೊ ತೋರಿಸಿದ. ಮನೆಯ ಮುಂದೆ ಬಿಳಿ ವ್ಯಾನು ನಿಂತಿದೆ, ಅದರೊಳಗೆ ಎಂಜಿನ್ನು ಗುಡುಗುತ್ತಿದೆ, ಅಲ್ಲಿಂದ ಉದ್ದನೆಯ ಪೈಪು ಬಾಗಿಲಲ್ಲಿ ಒಳಗೆ ಹೋಗಿದೆ, ಒಳಗೆ ಒಬ್ಬ ಕಾರ್ಪೆಟ್ ತೊಳೆಯುತ್ತಿದ್ದಾನೆ.

"ಇಂಥಾದ್ ಒಂದು ಛೋಟಾ ಹಾತಿಯೊಳಗ ಕೂಡಿಸಿದ್ರ ಹೆಂಗ್ರಿ ಸರ? ನೀವು ಎಂಜಿನಿಯರ್ ಅದೀರಿ, ಹೇಳ್ರಿ."

ನಾನು ಎಂಟೆಕ್ ಮಾಡಿದ್ದು ಥರ್ಮಲ್‌ನಲ್ಲಿ. ಹೊಟ್ಟೆ ಹೊರೆದದ್ದು ಸಾಫ್ಟ್‌ವೇರಿನಲ್ಲಿ. ಇಪ್ಪತ್ತು ವರ್ಷಗಳಲ್ಲಿ ಉಷ್ಣ, ಒತ್ತಡ, ಗಾಳಿಯ ಹರಿವು ಇವುಗಳ ಬಗ್ಗೆ ಯಾರೂ ನನ್ನನ್ನು ಏನೂ ಕೇಳಿರಲಿಲ್ಲ. ಹಾಗಾಗಿ ಕೊಂಚ ಉಬ್ಬಿಹೋದೆ ಅನ್ನಬೇಕು. "ಮುಂದಿನ ಭಾನುವಾರ ಬಾ, ಹೇಳುತ್ತೇನೆ" ಅಂದುಬಿಟ್ಟೆ. ಆ ರಾತ್ರಿಯೇ ಎಕ್ಸೆಲ್ ಶೀಟು ತೆರೆದು ಬೆಲೆ, ತೂಕ, ಪಂಪಿನ ಒತ್ತಡ, ಹೀರುವ ಬಲ, ಟ್ಯಾಂಕು ಎಂದೆಲ್ಲ ಕಾಲಮ್ಮು ಹಾಕತೊಡಗಿದೆ. ಎರಡು ದಿನಕ್ಕೇ ಗೊತ್ತಾಯಿತು, ಇದು ಕಾಲಮ್ಮುಗಳಲ್ಲಿ ಮುಗಿಯುವ ಪ್ರಶ್ನೆ ಅಲ್ಲ. ಯಾವ ಯಂತ್ರ ಎಂಬುದಕ್ಕಿಂತ ಮೊದಲು ಯಂತ್ರ ಎಲ್ಲಿ ನಿಲ್ಲಬೇಕು ಎಂಬುದು ತೀರ್ಮಾನವಾಗಬೇಕು. ಆ ಜಗಳ ಸುಮಾರು ನೂರೈವತ್ತು ವರ್ಷಗಳಿಂದ ನಡೆದಿದೆ.

ಆ ವಿಡಿಯೊದ ವ್ಯಾನು ನನಗೆ ಹೊಸದಲ್ಲ. 2011ರಲ್ಲಿ ಆನ್‌ಸೈಟ್ ಅಂತ ಓಹಾಯೊದ ಕೊಲಂಬಸ್ಸಿನಲ್ಲಿದ್ದೆ. ಬಾಡಿಗೆ ಅಪಾರ್ಟ್‌ಮೆಂಟು, ಗೋಡೆಯಿಂದ ಗೋಡೆಗೆ ಹೊಡೆದ ಕೆನೆಬಣ್ಣದ ಕಾರ್ಪೆಟ್ಟು. ಅಂಥದರ ಮೇಲೆ ಕೂತು ಸಾಂಬಾರ್ ಉಣ್ಣುವ ಜನ ನಾವು. ಮನೆ ಬಿಡುವ ವಾರ ಡಿಪಾಸಿಟ್ಟು ಉಳಿಸಿಕೊಳ್ಳಲು ಕಾರ್ಪೆಟ್ ತೊಳೆಯುವವನನ್ನು ಕರೆಸಿದೆ. ಐವತ್ತು ದಾಟಿದ ಮನುಷ್ಯ, ಎರಡೂ ಮೊಣಕಾಲಿಗೆ ಪಟ್ಟಿ ಕಟ್ಟಿಕೊಂಡಿದ್ದ. ಮೊದಲು ಒಣ ಧೂಳು ಹೀರಿದ, ಆಮೇಲೆ ಏನೋ ದ್ರಾವಣ ಸಿಂಪಡಿಸಿ ಕಾಯುತ್ತ ನಿಂತ. ಸೋಫಾದ ಪಕ್ಕದ ಹಳದಿ ಕಲೆ ನೋಡುನೋಡುತ್ತಿದ್ದಂತೆ ಕೆಂಪಾಯಿತು. ಅವನು ಗಾಬರಿಬಿದ್ದ. ನಾನು ಬೀಳಲಿಲ್ಲ. ಅರಿಶಿನಕ್ಕೆ ಸುಣ್ಣ ಕಲಸಿ ಓಕುಳಿ ಮಾಡುವುದನ್ನು ಕಂಡು ಬೆಳೆದವನಿಗೆ ಕ್ಷಾರ ತಾಗಿದರೆ ಅರಿಶಿನ ಕೆಂಪಾಗುತ್ತದೆ ಎಂದು ಹೇಳಿಕೊಡಬೇಕೆ? ಹುಳಿ ಗುಣದ ದ್ರಾವಣದಿಂದ ತೊಳೆದಾಗ ಕಲೆ ಮತ್ತೆ ಹಳದಿಗೆ ತಿರುಗಿತು, ಆದರೆ ಪೂರ್ತಿ ಹೋಗಲಿಲ್ಲ. ಅರಿಶಿನದ ಬಣ್ಣ ಬಿಸಿಲಿಗೆ ತಾನಾಗಿ ಮಾಸುತ್ತದೆ. ನೆಲಕ್ಕೆ ಹೊಡೆದ ಕಾರ್ಪೆಟ್ಟನ್ನು ಬಿಸಿಲಿಗೆ ಹಾಕುವುದು ಹೇಗೆ? ಡಿಪಾಸಿಟ್ಟಿನಲ್ಲಿ ಒಂದು ಪಾಲು ಹೋಯಿತು.

ಹುಬ್ಬಳ್ಳಿಯ ನಮ್ಮ ಮನೆಯಲ್ಲಿ ಹಾಸಲು ಇದ್ದದ್ದು ನವಲಗುಂದದ ಜಮಖಾನ. ಹತ್ತಿ ನೂಲಿನದು, ಹೆಣ್ಣುಮಕ್ಕಳು ಮನೆಯಲ್ಲೇ ಮಗ್ಗ ಹೂಡಿ ನೇಯ್ದದ್ದು. ಅದರ ಶುಚಿಗೆ ಬೇಕಾದ ಸಲಕರಣೆ ಒಂದು ಕೋಲು, ಒಂದು ಕಟ್ಟೆ, ಬಿಸಿಲು. ಯುರೋಪಿನಲ್ಲೂ ಶತಮಾನಗಳ ಕಾಲ ನಡೆದದ್ದು ಇದೇ. ಕಾರ್ಪೆಟ್ಟನ್ನು ಎತ್ತಿ ಹೊರಗೆ ಒಯ್ದು, ಹಗ್ಗದ ಮೇಲೆ ಹಾಕಿ ಬಡಿಯುವುದು. ವಿಕ್ಟೋರಿಯಾ ರಾಣಿಯ ಕಾಲದ ಲಂಡನ್ನಿನಲ್ಲಿ ಈ ಬಡಿತಕ್ಕೂ ಉಗಿಯಂತ್ರ ಬಂತು. ಗಾಡಿಯವರು ಮನೆಮನೆಯಿಂದ ಕಾರ್ಪೆಟ್ ಸುತ್ತಿಕೊಂಡು ಹೋಗಿ ಬಡಿಯುವ ಕಾರ್ಖಾನೆಗೆ ಹಾಕಿ, ಆಮೇಲೆ ತಂದು ಕೊಡುತ್ತಿದ್ದರು. ಯಂತ್ರ ನಿಂತಲ್ಲೇ ನಿಲ್ಲುತ್ತದೆ, ಕಾರ್ಪೆಟ್ಟು ಅಲ್ಲಿಗೆ ಹೋಗುತ್ತದೆ. ಇದು ಮೊದಲ ಉತ್ತರ.

ಎರಡನೆಯ ಉತ್ತರ ಅಮೆರಿಕದ ಮಿಶಿಗನ್ ರಾಜ್ಯದ ಗ್ರ್ಯಾಂಡ್ ರ್‍ಯಾಪಿಡ್ಸ್‌ನ ಒಂದು ಪಿಂಗಾಣಿ ಅಂಗಡಿಯಿಂದ ಬಂತು. ಪಾತ್ರೆ ಒಡೆಯದಿರಲೆಂದು ಪೆಟ್ಟಿಗೆಯಲ್ಲಿ ತುಂಬಿದ ಮರದ ಹೊಟ್ಟು ಅಂಗಡಿಯ ಕಾರ್ಪೆಟ್ಟಿಗೆಲ್ಲ ಅಂಟಿಕೊಳ್ಳುತ್ತಿತ್ತು. ಅಂಗಡಿಯ ಮೆಲ್ವಿಲ್ ಬಿಸೆಲ್ ಒಂದು ಪೆಟ್ಟಿಗೆಗೆ ಗಾಲಿ ಹಾಕಿ, ಗಾಲಿ ಉರುಳಿದಂತೆ ಒಳಗಿನ ಬ್ರಷ್ ತಿರುಗುವಂತೆ ಮಾಡಿ 1876ರಲ್ಲಿ ಪೇಟೆಂಟ್ ಪಡೆದ. ವಿದ್ಯುತ್ ಇಲ್ಲ, ಉಗಿ ಇಲ್ಲ, ತಳ್ಳುವ ಕೈ ಇದ್ದರೆ ಸಾಕು. ಬ್ರಷ್ಷಿಗೆ ಬೇಕಾದ ಹಂದಿಗೂದಲಿನ ಕುಚ್ಚುಗಳನ್ನು ಊರಿನ ಹೆಂಗಸರು ಮನೆಯಲ್ಲಿ ಕಟ್ಟಿಕೊಡುತ್ತಿದ್ದರು, ಹೆಂಡತಿ ಆ್ಯನಾ ಅವನ್ನು ಬಟ್ಟೆಯ ಬುಟ್ಟಿಯಲ್ಲಿ ಕೂಡಿಸಿ ತರುತ್ತಿದ್ದಳು. 1884ರಲ್ಲಿ ಕಾರ್ಖಾನೆಗೆ ಬೆಂಕಿ ಬಿದ್ದಾಗ ಊರಿನ ಬ್ಯಾಂಕುಗಳಿಗೆ ಹೋಗಿ ಸಾಲ ಎತ್ತಿ ಅದನ್ನು ಮತ್ತೆ ನಿಲ್ಲಿಸಿದ್ದೂ ಅವಳೇ. 1889ರಲ್ಲಿ ಗಂಡ ತೀರಿಕೊಂಡ ಮೇಲೆ ಕಂಪನಿಯ ಚುಕ್ಕಾಣಿ ಹಿಡಿದಳು. ದೊಡ್ಡ ಉತ್ಪಾದನಾ ಕಂಪನಿಯೊಂದನ್ನು ನಡೆಸಿದ ಅಮೆರಿಕದ ಮೊದಮೊದಲ ಹೆಂಗಸರಲ್ಲಿ ಅವಳೊಬ್ಬಳು. ಪೇಟೆಂಟ್ ಗಂಡನ ಹೆಸರಿನಲ್ಲಿದೆ. ಅದನ್ನು ಧಂಧೆಯಾಗಿ ಉಳಿಸಿದವಳು ಅವಳು ಅಂತ ನನ್ನ ಅಭಿಪ್ರಾಯ.

ಆದರೆ ಬ್ರಷ್ ಮೇಲಿನ ಕಸ ಎತ್ತುತ್ತದೆ, ಬುಡಕ್ಕಿಳಿದ ಧೂಳನ್ನು ಎತ್ತುವುದಿಲ್ಲ. ಅದಕ್ಕೆ ಗಾಳಿ ಬೇಕು. ಆಗಿನವರಿಗೆ ಗಾಳಿ ಎಂದರೆ ಊದುವ ಗಾಳಿ. ಸೇಂಟ್ ಲೂಯಿಸ್‌ನ ಜಾನ್ ಥರ್ಮನ್ ಎಂಬಾತ ಅದುಮಿದ ಗಾಳಿಯನ್ನು ಕಾರ್ಪೆಟ್ಟಿನ ಮೇಲೆ ಊದಿ ಧೂಳೆಬ್ಬಿಸಿ ಹಿಡಿಯುವ ಯಂತ್ರಕ್ಕೆ 1899ರಲ್ಲಿ ಪೇಟೆಂಟ್ ಪಡೆದ. ಇಂಥದೇ ಒಂದು ಊದುವ ಯಂತ್ರದ ಪ್ರದರ್ಶನವನ್ನು 1901ರ ಸುಮಾರಿಗೆ ಲಂಡನ್ನಿನ ಎಂಪೈರ್ ಮ್ಯೂಸಿಕ್ ಹಾಲಿನಲ್ಲಿ ಹ್ಯೂಬರ್ಟ್ ಸೆಸಿಲ್ ಬೂತ್ ಎಂಬ ಎಂಜಿನಿಯರ್ ನೋಡಿದ. ಸೇತುವೆ, ಜಾತ್ರೆಯ ದೈತ್ಯ ತೊಟ್ಟಿಲು ಇಂಥವುಗಳ ವಿನ್ಯಾಸ ಮಾಡುತ್ತಿದ್ದವನು. "ಊದುವ ಬದಲು ಹೀರಬಾರದೇಕೆ?" ಎಂದು ಕೇಳಿದ್ದಕ್ಕೆ ಯಂತ್ರದವನು ಸಿಟ್ಟಾಗಿ, ಅದು ಆಗದ ಕೆಲಸ ಅಂದನಂತೆ. ನಮ್ಮ ಮೀಟಿಂಗುಗಳಲ್ಲೂ "ಅದೆಲ್ಲ ಆಗಲೇ ಟ್ರೈ ಮಾಡಿ ಆಗಿದೆ" ಎನ್ನುವವರು ಇದೇ ಧಾಟಿಯಲ್ಲಿ ಹೇಳುತ್ತಾರೆ. ಕೆಲವು ದಿನಗಳ ನಂತರ ವಿಕ್ಟೋರಿಯಾ ಸ್ಟ್ರೀಟಿನ ಒಂದು ಹೋಟೆಲಿನಲ್ಲಿ ಬೂತ್ ಕುರ್ಚಿಯ ಮೆತ್ತೆಯ ಮೇಲೆ ಕರವಸ್ತ್ರ ಹಾಸಿ, ಬಾಯಿಟ್ಟು ಜೋರಾಗಿ ಎಳೆದ. ಕೆಮ್ಮು ಬಂತು. ಕರವಸ್ತ್ರದ ಆಚೆ ಮಗ್ಗುಲಿಗೆ ಕಪ್ಪು ಗುರುತು ಬಿದ್ದಿತ್ತು.

ನನಗೆ ಈ ಕರವಸ್ತ್ರ ಗೊತ್ತು. ಯುರೇಕಾ ಫೋರ್ಬ್ಸ್ 1982ರಲ್ಲಿ ಶುರುವಾದದ್ದು. ಅವರ ಟೈ ಕಟ್ಟಿದ ಹುಡುಗ ಹುಬ್ಬಳ್ಳಿಯ ನಮ್ಮ ಮನೆಗೆ ಬಂದಾಗ ನಾನಿನ್ನೂ ಪ್ರಾಥಮಿಕ ಶಾಲೆ. ಪೈಪಿನ ಬಾಯಿಗೆ ಬಿಳಿ ಬಟ್ಟೆ ಇಟ್ಟು ಅಪ್ಪನ ಹಾಸಿಗೆಯ ಮೇಲೆ ಆಡಿಸಿ, ಬಟ್ಟೆ ಬಿಚ್ಚಿ ತೋರಿಸಿದ. ಅವ್ವ ನಾಚಿಕೆಯಿಂದ ಒಳಗೆ ಹೋದಳು. ಅಪ್ಪ ಯಂತ್ರ ಕೊಳ್ಳಲಿಲ್ಲ. ಮರುದಿನ ಮನೆಯ ಹಾಸಿಗೆಯೆಲ್ಲ ಮಾಳಿಗೆಯ ಬಿಸಿಲಿನಲ್ಲಿದ್ದವು.

ಬೂತ್ ಯಂತ್ರವನ್ನೇನೋ ಕಟ್ಟಿದ. ಆದರೆ ಅದು ಕುದುರೆಗಾಡಿಯಷ್ಟು ದೊಡ್ಡದು. ಗಾಡಿಯ ಮೇಲೆ ಪೆಟ್ರೋಲ್ ಎಂಜಿನ್ನು ಮತ್ತು ಪಂಪು. ಗಿರಾಕಿಯ ಮನೆಯ ಮುಂದೆ ಬೀದಿಯಲ್ಲಿ ನಿಲ್ಲಿಸಿ ಉದ್ದುದ್ದ ಪೈಪುಗಳನ್ನು ಕಿಟಕಿಯಲ್ಲಿ ಒಳಗೆ ಬಿಡುವುದು, ಯೂನಿಫಾರ್ಮ್ ತೊಟ್ಟ ಆಳುಗಳು ಒಳಗೆ ಹೋಗಿ ಗುಡಿಸುವುದು. ಜನ ಅದಕ್ಕೆ 'ಪಫಿಂಗ್ ಬಿಲ್ಲಿ' ಎಂದು ಹೆಸರಿಟ್ಟರು. ಅದರ ಸದ್ದಿಗೆ ಬಾಡಿಗೆ ಗಾಡಿಗಳ ಕುದುರೆಗಳು ಬೆದರುತ್ತಿದ್ದವು, ಅದು ಕೋರ್ಟು ಕಚೇರಿಯವರೆಗೂ ಹೋಯಿತು. ಪೈಪಿನಲ್ಲಿ ಪಾರದರ್ಶಕ ತುಂಡುಗಳಿದ್ದುದರಿಂದ ಶ್ರೀಮಂತ ಮನೆಯ ಹೆಂಗಸರು ಗೆಳತಿಯರನ್ನು ಚಹಾಕ್ಕೆ ಕರೆದು ತಮ್ಮ ಮನೆಯ ಧೂಳು ಹರಿದು ಹೋಗುವುದನ್ನು ತೋರಿಸುತ್ತಿದ್ದರಂತೆ. 1902ರಲ್ಲಿ ಏಳನೇ ಎಡ್ವರ್ಡನ ಪಟ್ಟಾಭಿಷೇಕಕ್ಕೆ ವೆಸ್ಟ್‌ಮಿನ್‌ಸ್ಟರ್ ಅಬೆಯ ಕಾರ್ಪೆಟ್ಟನ್ನು ಗುಡಿಸಿದ್ದು ಇದೇ. ಮೊದಲ ಮಹಾಯುದ್ಧದಲ್ಲಿ ನೌಕಾಪಡೆಯವರು ತಂಗಿದ್ದ ಕ್ರಿಸ್ಟಲ್ ಪ್ಯಾಲೇಸಿನಲ್ಲಿ ಜ್ವರ ಹಬ್ಬಿದಾಗ ಬೂತನ ಯಂತ್ರಗಳು ಅಲ್ಲಿಂದ 26 ಟನ್ ಧೂಳು ಎತ್ತಿದವು ಅಂತ ಹೇಳುತ್ತಾರೆ.

ಬೂತ್ ಮುಖ್ಯವಾಗಿ ಮಾರಲು ಹೊರಟದ್ದು ಸೇವೆಯನ್ನು, ಯಂತ್ರವನ್ನಲ್ಲ. ಈಗ ನಾವು ಸಾಫ್ಟ್‌ವೇರಿನಲ್ಲಿ ಹೊಸದೆಂಬಂತೆ ಮಾಡುತ್ತಿರುವುದನ್ನು ಅವನು ಕುದುರೆ ಕಟ್ಟಿ ಮಾಡಿದ್ದ. ಮನೆಮನೆಗೆ ವಿದ್ಯುತ್ ಇಲ್ಲದ ಕಾಲಕ್ಕೆ ಅದೇ ಸರಿಯಾದ ಲೆಕ್ಕ. ಶಕ್ತಿ ಎಲ್ಲಿಂದ ಸಿಗುತ್ತದೋ ಯಂತ್ರ ಅಲ್ಲಿ ನಿಲ್ಲಬೇಕು.

ಆ ಲೆಕ್ಕ ಕೆಡಿಸಿದವನು ಓಹಾಯೊದ ಕ್ಯಾಂಟನ್‌ನಲ್ಲಿ ಅಂಗಡಿಯೊಂದರ ಕಸ ಗುಡಿಸುತ್ತಿದ್ದ ಜೇಮ್ಸ್ ಮರ್ರೆ ಸ್ಪ್ಯಾಂಗ್ಲರ್. ಅರವತ್ತರ ಹತ್ತಿರದ ವಯಸ್ಸು, ಮೇಲೆ ಉಬ್ಬಸ. ಕಾರ್ಪೆಟ್ ಗುಡಿಸಿದಷ್ಟೂ ಧೂಳು ಎದ್ದು ಅವನ ಎದೆಗೇ ಇಳಿಯುತ್ತಿತ್ತು. 1907ರಲ್ಲಿ ಅವನು ಫ್ಯಾನಿನ ಮೋಟರು, ಸೋಪಿನ ಪೆಟ್ಟಿಗೆ, ಪೊರಕೆಯ ಕೋಲು, ತಲೆದಿಂಬಿನ ಚೀಲ ಇಷ್ಟನ್ನು ಸೇರಿಸಿ ಕೈಯಲ್ಲಿ ತಳ್ಳುವ ಹೀರುಯಂತ್ರ ಮಾಡಿದ. 1908ರ ಜೂನಿನಲ್ಲಿ ಪೇಟೆಂಟ್ ಸಿಕ್ಕಿತು. ಕುದುರೆಯ ಜೀನು, ಚರ್ಮದ ಸಾಮಾನು ಮಾಡುತ್ತಿದ್ದ ವಿಲಿಯಂ ಹೂವರ್ ಅದನ್ನು ಕೊಂಡ. ಮೋಟರು ಕಾರು ಬಂದ ಮೇಲೆ ಜೀನು ಯಾರಿಗೆ ಬೇಕು? ಹೂವರ್ ಪತ್ರಿಕೆಯಲ್ಲಿ ಜಾಹೀರಾತು ಹಾಕಿ, ಹತ್ತು ದಿನ ಪುಕ್ಕಟೆ ಬಳಸಿ ನೋಡಿ ಅಂದ. ಯಂತ್ರ ಕಡೆಗೂ ಹೊಸ್ತಿಲು ದಾಟಿತು. ನಾನು ಎರಡು ವರ್ಷವಿದ್ದ ಕೊಲಂಬಸ್ಸಿನಿಂದ ಈ ಕ್ಯಾಂಟನ್ನು ಕಾರಿನಲ್ಲಿ ಎರಡು ತಾಸಿನ ದಾರಿ. ಆಗ ಗೊತ್ತಿರಲಿಲ್ಲ, ಇದ್ದ ವೀಕೆಂಡುಗಳೆಲ್ಲ ನಯಾಗರಕ್ಕೂ ಔಟ್‌ಲೆಟ್ ಮಾಲುಗಳಿಗೂ ಹೋದವು.

ಇಲ್ಲಿಗೆ ಕಥೆ ಮುಗಿಯಬೇಕಿತ್ತು. ಹಾಗಾದರೆ 2011ರಲ್ಲಿ ನನ್ನ ಬಾಗಿಲಿಗೆ ಬೂತನ ಗಾಡಿ ಮತ್ತೆ ಬಂದದ್ದೇಕೆ?

ಕಾರಣ ಕಾರ್ಪೆಟ್ಟಿನಲ್ಲೇ ಇದೆ. ಜಾರ್ಜಿಯಾ ರಾಜ್ಯದ ಡಾಲ್ಟನ್ ಹತ್ತಿರ ಕ್ಯಾಥರೀನ್ ಎವಾನ್ಸ್ ಎಂಬ ಹುಡುಗಿ 1895ರಲ್ಲಿ ಬಟ್ಟೆಯ ಮೇಲೆ ದಪ್ಪ ನೂಲಿನ ಕುಚ್ಚು ಚುಚ್ಚಿ ಒಂದು ಹಾಸಿಗೆ ಹೊದಿಕೆ ಮಾಡಿದಳು, 1900ರಲ್ಲಿ ಅಂಥದೊಂದನ್ನು ಎರಡೂವರೆ ಡಾಲರಿಗೆ ಮಾರಿದಳು. ಊರಿಗೆ ಊರೇ ಆ ಕಸುಬಿಗಿಳಿಯಿತು. ಎರಡನೇ ಮಹಾಯುದ್ಧದ ನಂತರ ಅದೇ ಕುಚ್ಚು ಚುಚ್ಚುವ ಸೂಜಿಗಳು ಅಗಲವಾದ ಯಂತ್ರಗಳಲ್ಲಿ ಸಾಲಾಗಿ ಕೂತವು. ನೇಯುವ ಕೆಲಸ ತಪ್ಪಿದ್ದರಿಂದ ಕಾರ್ಪೆಟ್ಟು ಅಗ್ಗವಾಯಿತು, ನೈಲಾನ್ ಬಂದು ಇನ್ನೂ ಅಗ್ಗವಾಯಿತು. ಅಮೆರಿಕದ ಮನೆಗಳು ಗೋಡೆಯಿಂದ ಗೋಡೆಗೆ ಕಾರ್ಪೆಟ್ ಹೊಡೆಸಿಕೊಂಡವು. ಹೊಡೆದದ್ದನ್ನು ಕೀಳುವಂತಿಲ್ಲ, ಕಾರ್ಖಾನೆಗೆ ಒಯ್ಯುವಂತಿಲ್ಲ, ಬಿಸಿಲಿಗೆ ಹಾಕುವಂತಿಲ್ಲ. ಮನೆಯಲ್ಲಿನ ಹೀರುಯಂತ್ರ ಒಣ ಧೂಳಿಗೆ ಸಾಕು, ಎಣ್ಣೆಜಿಡ್ಡು ಕೂಡಿದ ಕೊಳೆಗೆ ಸಾಲದು. ಆ ಕೊಳೆಗೆ ಮೊದಲು ಬಂದದ್ದು ತಿರುಗುವ ಬ್ರಷ್ಷಿನ ಶ್ಯಾಂಪೂ ಯಂತ್ರ. ನೊರೆ ಎಬ್ಬಿಸಿ ಉಜ್ಜುತ್ತದೆ, ಆದರೆ ಸೋಪಿನ ಅಂಟು ಬುಡದಲ್ಲೇ ಉಳಿದು ಮುಂದಿನ ತಿಂಗಳು ಇನ್ನಷ್ಟು ಧೂಳು ಹಿಡಿಯುತ್ತದೆ. ಉಜ್ಜಿದರೆ ಸಾಲದು, ಹಿಂಡಿ ತೆಗೆಯಬೇಕು. ಹಾಗೆ ಬಂತು ಬಿಸಿನೀರನ್ನು ಒತ್ತಡದಲ್ಲಿ ಚಿಮ್ಮಿಸಿ ಅದೇ ಕ್ಷಣ ವಾಪಸ್ ಹೀರುವ ವಿಧಾನ. ಜನ ಅದನ್ನು 'ಸ್ಟೀಮ್ ಕ್ಲೀನಿಂಗ್' ಅನ್ನುತ್ತಾರೆ. ಅದರಲ್ಲಿ ಉಗಿ ಇಲ್ಲ, ಬರೀ ಬಿಸಿನೀರು. 1970ರ ದಶಕದಲ್ಲಿ ಆ ಇಡೀ ಸಾಮಗ್ರಿ ವ್ಯಾನು ಹತ್ತಿತು.

ವ್ಯಾನು ಏಕೆ ಎಂಬಲ್ಲಿ ನನ್ನ ಹಳೆಯ ಓದು ಕೆಲಸಕ್ಕೆ ಬಂತು. ನಿಮಿಷಕ್ಕೆ 4 ಲೀಟರ್ ನೀರನ್ನು 50 ಡಿಗ್ರಿ ಏರಿಸಬೇಕಾದರೆ ಸುಮಾರು 14 ಕಿಲೋವ್ಯಾಟ್ ಬೇಕು. ಅಮೆರಿಕದ ಮನೆಯ ಸಾಮಾನ್ಯ ಪ್ಲಗ್ಗು 120 ವೋಲ್ಟ್, 15 ಆಂಪಿಯರ್, ಹೆಚ್ಚೆಂದರೆ 1.8 ಕಿಲೋವ್ಯಾಟ್. ಅದರಲ್ಲಿ ಹೀರುವ ಮೋಟರು ತಿರುಗಬೇಕು, ಪಂಪು ನಡೆಯಬೇಕು. ಆದ್ದರಿಂದಲೇ ಅಲ್ಲಿನ ಕೈಯಂತ್ರಗಳಿಗೆ ಎರಡು ವೈರು ಇರುತ್ತವೆ, ಒಂದು ಅಡುಗೆಮನೆಗೆ, ಇನ್ನೊಂದು ಬೇರೆ ಸರ್ಕ್ಯೂಟಿನ ಕೋಣೆಗೆ. ವ್ಯಾನಿನ ಎಂಜಿನ್ನಿಗೆ ಈ ಬಡತನವಿಲ್ಲ. ಅದರ ಹೊಗೆಯ ಬಿಸಿ, ಕೂಲಂಟಿನ ಬಿಸಿಯೇ ನೀರು ಕಾಯಿಸುತ್ತದೆ. ಹೀರಲು ಅದರಲ್ಲಿ ರೂಟ್ಸ್ ಬ್ಲೋವರ್ ಇರುತ್ತದೆ. ಈ ಬ್ಲೋವರಿನ ಮೂಲ ಕೇಳಿದರೆ ನಗು ಬರುತ್ತದೆ. ಇಂಡಿಯಾನಾದ ಕಾನರ್ಸ್‌ವಿಲ್‌ನಲ್ಲಿ ಉಣ್ಣೆ ಗಿರಣಿ ನಡೆಸುತ್ತಿದ್ದ ರೂಟ್ಸ್ ಅಣ್ಣತಮ್ಮಂದಿರು ನೀರಿನ ಚಕ್ರ ಸುಧಾರಿಸಲು ಹೋಗಿ ಇದನ್ನು ಮಾಡಿದರು. ನೀರಿಗಿಂತ ಗಾಳಿಗೇ ಇದು ಚೆನ್ನಾಗಿ ಒಗ್ಗುತ್ತದೆಂದು ಕಂಡು 1860ರಲ್ಲಿ ಪೇಟೆಂಟ್ ಪಡೆದರು. ಉಣ್ಣೆ ಗಿರಣಿಯಲ್ಲಿ ಹುಟ್ಟಿದ್ದು ನೂರು ಚಿಲ್ಲರೆ ವರ್ಷ ಕುಲುಮೆಗಳಿಗೆಲ್ಲ ಗಾಳಿ ಊದಿ, ಕಡೆಗೆ ಕಾರ್ಪೆಟ್ಟಿಗೇ ಬಂದು ಸೇರಿತು.

ವ್ಯಾನಿನಲ್ಲೂ ಎರಡು ಜಾತಿ. ಒಂದರಲ್ಲಿ ಯಂತ್ರಕ್ಕೆ ಸ್ವಂತ ಎಂಜಿನ್ನು. ವ್ಯಾನು ಸತ್ತರೆ ಎತ್ತಿ ಇನ್ನೊಂದರಲ್ಲಿ ಕೂಡಿಸಬಹುದು. ಇನ್ನೊಂದು ವ್ಯಾನಿನ ಎಂಜಿನ್ನಿನಿಂದಲೇ ನಡೆಯುತ್ತದೆ. ಜಾಗ ಉಳಿಯುತ್ತದೆ, ಆದರೆ ಒಂದು ಕೆಟ್ಟರೆ ಎರಡೂ ನಿಂತವು. ಕೊಲಂಬಸ್ಸಿನ ನನ್ನ ಮನುಷ್ಯನದು ಮೊದಲ ಜಾತಿಯದು, ಮೂರನೇ ವ್ಯಾನಿನಲ್ಲಿ ಕೂತಿತ್ತು. ಯಂತ್ರದ ಸಾಲ ತೀರುವ ಹೊತ್ತಿಗೆ ಮೊಣಕಾಲು ತೀರಿದವು ಅಂತ ನಕ್ಕಿದ್ದ.

ಭಾನುವಾರ ಹುಡುಗ ಬಂದ. ಇದನ್ನೆಲ್ಲ ಅವನಿಗೆ ಒಪ್ಪಿಸಿದೆ. ಬೂತನ ಕುದುರೆಗಾಡಿಯ ಚಿತ್ರ ತೋರಿಸಿದಾಗ ಹಿಗ್ಗಿಹೋದ, "ಅವಾಗೂ ಹಿಂಗೇ ಇತ್ತಲ್ರಿ!" ಅಂದ. ನಾನು ಪೈಪಿನ ಲೆಕ್ಕಕ್ಕೆ ಬಂದೆ. ಪೈಪು ಉದ್ದವಾದಷ್ಟೂ ಹೀರುವ ಬಲ ಸೋರುತ್ತದೆ. ಅಷ್ಟೇ ಗಾಳಿಯನ್ನು ಅರ್ಧ ಅಗಲದ ಪೈಪಿನಲ್ಲಿ ಎಳೆದರೆ ನಷ್ಟ ಹತ್ತಿರಹತ್ತಿರ 32 ಪಟ್ಟು. ಓಹಾಯೊದಲ್ಲಿ ಎರಡು ಮಹಡಿ, ಅಂಗಳದಲ್ಲೇ ಪಾರ್ಕಿಂಗು. ಪುಣೆಯಲ್ಲಿ ನಮ್ಮ ಮನೆ ಹದಿನಾಲ್ಕನೇ ಮಹಡಿ, ನೆಲದಿಂದ ನಲವತ್ತು ಮೀಟರಿನ ಮೇಲೆ. ಅಷ್ಟು ಎತ್ತರಕ್ಕೆ ಪೈಪು ಎಳೆಯುವುದು ದುಡ್ಡಿಗೂ ದಂಡ, ಕೆಲಸಕ್ಕೂ ದಂಡ. ಆದರೆ ನಮ್ಮ ಗೋಡೆಯಲ್ಲಿ ಅವರಿಗಿಲ್ಲದ ಒಂದು ಸಿರಿ ಇದೆ. ಗೀಸರಿಗೆಂದು ಹಾಕಿಸುವ 16 ಆಂಪಿಯರ್ ಪ್ಲಗ್ಗಿನಿಂದ 230 ವೋಲ್ಟಿಗೆ 3.6 ಕಿಲೋವ್ಯಾಟ್ ಸಿಗುತ್ತದೆ, ಅವರ ಸಾಮಾನ್ಯ ಪ್ಲಗ್ಗಿನ ಎರಡರಷ್ಟು. ವ್ಯಾನು ಬೇಕಾಗುವಂತೆ ಮಾಡಿದ ಅರ್ಧ ಕಾರಣ ಇಲ್ಲಿ ಇಲ್ಲವೇ ಇಲ್ಲ. ಗಾಲಿಯ ಮೇಲಿನ ಕೈಯಂತ್ರವನ್ನು ನೇರ ಮನೆಯೊಳಗೆ ಒಯ್ಯಿ, ಬಿಸಿನೀರು ಬಚ್ಚಲಿನಿಂದಲೇ ತುಂಬಿಕೋ ಅಂದೆ.

ಅವನು ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ ಕೇಳಿದ ಮೂರು ಪ್ರಶ್ನೆಗೆ ನನ್ನ ಶೀಟಿನಲ್ಲಿ ಕಾಲಮ್ಮೇ ಇರಲಿಲ್ಲ. ಟ್ಯಾಂಕು ತುಂಬಿದಾಗ ಒಬ್ಬನೇ ಎತ್ತಿ ಬಚ್ಚಲ ಹೊಸ್ತಿಲು ದಾಟಿಸಲು ಆಗುತ್ತದೆಯೇ? ಹೊಲಸು ನೀರನ್ನು ಬಚ್ಚಲಿಗೆ ಸುರಿದು ಕೂದಲು ಕಟ್ಟಿಕೊಂಡರೆ ಮನೆಯವರು ಬೈಯುತ್ತಾರೆ, ಅದಕ್ಕೆ ಜಾಳಿಗೆ ಇದೆಯೇ? ಮೋಟರು ಸುಟ್ಟರೆ ಬಿಡಿಭಾಗ ಪುಣೆಯಲ್ಲೇ ಸಿಗುತ್ತದೆಯೇ? ಕೊನೆಯದಕ್ಕೆ ಉತ್ತರ ಹುಡುಕಲು ಇಬ್ಬರೂ ಒಂದು ಶನಿವಾರ ಪೇಟೆ ಸುತ್ತಿದೆವು. ನನ್ನ ಶೀಟಿನಲ್ಲಿ ಮೊದಲ ಸ್ಥಾನದಲ್ಲಿದ್ದ ಯಂತ್ರ ಅಲ್ಲೇ ಬಿದ್ದುಹೋಯಿತು.

ಅಂಗಡಿಯಿಂದ ಬರುವಾಗ ಅವನೇ ಇನ್ನೊಂದು ಮಾತು ತೆಗೆದ. "ಸರ, ಇಲ್ಲಿ ಯಾರ ಮನ್ಯಾಗೂ ಕಾರ್ಪೆಟ್ ನೆಲಕ್ಕ ಹೊಡದಿಲ್ರಿ. ಎಲ್ಲಾ ಸುತ್ತಿ ಎತ್ತೂವಂಥಾವು. ಎತ್ಕೊಂಡ್ ಬಂದ್ರ ಆತಲ್ಲ?" ಬಡಿಯುವ ಕಾರ್ಖಾನೆಯ ಕಥೆ ಹೇಳಿದವನು ನಾನೇ, ಆದರೆ ಅದನ್ನು ಹಳೆಯದೆಂದು ಮೊದಲ ಪುಟದಲ್ಲೇ ಬಿಟ್ಟು ಬಂದಿದ್ದೆ. ಉಣ್ಣೆಯ ಕಾರ್ಪೆಟ್ಟಿಗಂತೂ ಅದೇ ಸುರಕ್ಷಿತ. ಉಣ್ಣೆ ಹೆಚ್ಚು ಬಿಸಿಯನ್ನೂ ಹೆಚ್ಚು ಕ್ಷಾರವನ್ನೂ ತಡೆಯುವುದಿಲ್ಲ, ಬಣ್ಣ ಬಿಡುವ ಭಯ ಬೇರೆ. ಮಿರ್ಜಾಪುರ, ಭದೋಹಿಯಲ್ಲಿ ನೇಯ್ದ ಕಾರ್ಪೆಟ್ಟನ್ನು ಇಂದಿಗೂ ನೆಲದ ಮೇಲೆ ಹಾಸಿ ನೀರು ಸುರಿದು, ಮರದ ಹಲಗೆಯಿಂದ ತಳ್ಳಿ ತಳ್ಳಿ ತೊಳೆಯುತ್ತಾರೆ.

ಈಗ ಅವನ ಹತ್ತಿರ ಎರಡೂ ಇವೆ. ಸೋಫಾಕ್ಕೆ, ಎತ್ತಲಾಗದ್ದಕ್ಕೆ ಒಂದು ಸೆಕೆಂಡ್‌ಹ್ಯಾಂಡ್ ಕೈಯಂತ್ರ. ಸರ್ವಿಸ್ ಲಿಫ್ಟಿನಲ್ಲಿ ನಿಲ್ಲಿಸಿ ಅಳತೆ ನೋಡಿಯೇ ತಂದದ್ದು. ಉಳಿದದ್ದಕ್ಕೆ ಊರಾಚೆ ಬಾಡಿಗೆಯ ಒಂದು ಪತ್ರಾ ಶೆಡ್ಡು, ಮುಂದೆ ಇಳಿಜಾರು ಕಟ್ಟಿದ ಸಿಮೆಂಟಿನ ಅಂಗಳ, ಎರಡು ಕಂಬದ ನಡುವೆ ಕಬ್ಬಿಣದ ಕೊಳವೆ. ಪಾಟ್ಲಿ ಒಂದೇ ಒತ್ತೆಗೆ ಹೋಯಿತು. ಇನ್ನೊಂದು ಅವರವ್ವನ ಕೈಯಲ್ಲೇ ಇದೆ. ಛೋಟಾ ಹಾತಿಯ ಆಸೆ ಬಿಟ್ಟಿಲ್ಲ, ಆದರೆ ಈಗ ಅದು ಬೇಕಿರುವುದು ಕಾರ್ಪೆಟ್ ಹೇರಿಕೊಂಡು ಬರಲು.

ನಮ್ಮ ಕಾರ್ಪೆಟ್ಟು ಹೋದ ಸೋಮವಾರದಿಂದ ಅವನ ಶೆಡ್ಡಿನಲ್ಲಿದೆ. ಮಗಳ ಹುಟ್ಟುಹಬ್ಬದ ದಿನ ಅದರ ಮೇಲೆ ಸಾರು ಚೆಲ್ಲಿತ್ತು. "ಅರಿಶಿಣ ಐತ್ರಿ, ಸೋಡಾ ಹಚ್ಚಂಗಿಲ್ಲ" ಅಂತ ನನಗೇ ಹೇಳಿ ಒಯ್ದಿದ್ದಾನೆ. ಬಿಸಿಲು ಬಿದ್ದರೆ ಗುರುವಾರ ತಂದು ಕೊಡುತ್ತಾನಂತೆ.